ಓದಿದ ಮೇಲ್ ಇನ್‌ಬಾಕ್ಸಿಂದ ತಾನಾಗೇ ಹೋಗೋ ಥರ ಮಾಡೋದು ಹೇಗೆ?

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಜಿಎಸ್‌ಟಿ, ಇನ್‌ಕಂ ಟ್ಯಾಕ್ಸ್ ರಿಟರ್ನ್ ಹಾಕೋ ಒಂದು ಚಿಕ್ಕ ಆಫೀಸ್ ನಡೆಸ್ತಿದ್ದೀನಿ. ಎಲ್ಲಾ ಕ್ಲೈಂಟ್‌ಗಳ ಮೇಲೂ ಒಂದೇ ಜಿಮೇಲ್‌ಗೆ ಬರತ್ತೆ, ನಾನೂ ನನ್ನ ಅಸಿಸ್ಟೆಂಟ್ ಹುಡುಗೀನೂ ಇಬ್ರೂ ಅದೇ ಅಕೌಂಟ್ ಓಪನ್ ಮಾಡ್ಕೊಂಡಿರ್ತೀವಿ. ಓದಿದ ಮೇಲ್ ತಾನಾಗೇ ಬೇರೆ ಫೋಲ್ಡರ್‌ಗೆ ಹೋಗಿ, ಇನ್‌ಬಾಕ್ಸಲ್ಲಿ ಓದದೇ ಇರೋದು ಮಾತ್ರ ಉಳೀಬೇಕು. ಫಿಲ್ಟರಲ್ಲಿ 'ಈಸ್ ರೀಡ್' ಅಂತ ಹಾಕಿ ಆರ್ಕೈವ್‌ಗೆ ಟಿಕ್ ಮಾಡ್ದೆ, ಏನೂ ಆಗ್ಲಿಲ್ಲ. ಎಲ್ಲಿ ತಪ್ಪಾಗಿದೆ? ನಮ್ಮನೆಯವ್ರದ್ದು ಔಟ್‌ಲುಕ್ ಮೇಲ್, ಅದ್ರಲ್ಲೂ ಹೀಗೆ ಮಾಡ್ಬೋದಾ?

ಉತ್ತರ: ಮೇಡಂ, ನಿಮ್ಮದೇನೂ ತಪ್ಪಿಲ್ಲ, ಜಿಮೇಲ್ ಫಿಲ್ಟರ್ ಇರೋದೇ ಹಾಗೆ. ಅದು ಗೇಟಲ್ಲಿ ನಿಂತಿರೋ ವಾಚ್‌ಮ್ಯಾನ್ ಇದ್ದಂಗೆ, ಮೇಲ್ ಒಳಗೆ ಬರೋ ಹೊತ್ತಲ್ಲಿ ಒಂದ್ಸಲ ಮುಖ ನೋಡಿ ನೀನು ಈ ಕಡೆ ಹೋಗು ನೀನು ಆ ಕಡೆ ಹೋಗು ಅಂತ ಕಳಿಸ್ತಾನೆ, ಒಳಗೆ ಹೋದ ಮೇಲೆ ಅವರು ಏನ್ ಮಾಡಿದ್ರು ಅಂತ ಹಿಂದೆ ಬಂದು ನೋಡಲ್ಲ. ಬರೋ ಕ್ಷಣದಲ್ಲಿ ಎಲ್ಲಾ ಮೇಲೂ ಓದದೇ ಇರೋದೇ ತಾನೆ, ಹಂಗಾಗಿ 'ಈಸ್ ರೀಡ್' ಅನ್ನೋ ಕಂಡೀಷನ್‌ಗೆ ಒಂದೂ ಸಿಗಲ್ಲ. ನೀವು ಸಂಜೆ ಓದಿದ್ರೆ ಅದು ಫಿಲ್ಟರ್‌ಗೆ ಗೊತ್ತೇ ಆಗಲ್ಲ. ಫಿಲ್ಟರ್ ಮಾಡೋವಾಗ ಕೆಳಗಡೆ 'ಆಲ್ಸೋ ಅಪ್ಲೈ ಫಿಲ್ಟರ್ ಟು ಮ್ಯಾಚಿಂಗ್ ಕಾನ್ವರ್ಸೇಷನ್ಸ್' ಅಂತ ಒಂದು ಟಿಕ್ ಬರತ್ತೆ, ಅದು ಹಾಕಿದ್ರೆ ಆ ಹೊತ್ತಿಗೆ ಓದಿರೋ ಹಳೇವು ಒಂದ್ಸಲ ಆರ್ಕೈವ್ ಆಗತ್ತೆ, ಅಂದ್ರೆ ಡಿಲೀಟ್ ಆಗದೇ ಇನ್‌ಬಾಕ್ಸಿಂದ ಮಾತ್ರ ಹೋಗತ್ತೆ, ಅಷ್ಟೇ. ನಾಳೆ ಓದೋದಕ್ಕೆ ಮತ್ತೆ ಅದೇ ಕಥೆ.

ಹಂಗಂತ ನಿಮಗೆ ಬೇಕಾಗಿರೋದು ಆಗೋದೇ ಇಲ್ಲ ಅಂತಲ್ಲ, ಆಗತ್ತೆ, ದಾರಿ ಹೇಳ್ತೀನಿ. ಆದ್ರೆ ಅದಕ್ಕೂ ಮುಂಚೆ ಒಂದು ವಿಷ್ಯ, ನಿಮ್ಮ ಪ್ರಶ್ನೆ ಓದಿದಾಗ ನನಗೆ ಫಿಲ್ಟರ್‌ಗಿಂತ ಜಾಸ್ತಿ ಕಣ್ಣಿಗೆ ಬಿದ್ದಿದ್ದು 'ಇಬ್ರೂ ಅದೇ ಅಕೌಂಟ್ ಓಪನ್ ಮಾಡ್ಕೊಂಡಿರ್ತೀವಿ' ಅನ್ನೋ ಮಾತು. ಓದಿದ್ದು, ಓದದೇ ಇದ್ದಿದ್ದು ಅನ್ನೋದು ಅಕೌಂಟ್‌ಗೆ ಸೇರಿದ್ದು, ಮನುಷ್ಯರಿಗಲ್ಲ. ಆ ಹುಡುಗಿ ಬೆಳಗ್ಗೆ ಬಂದು ಒಂದು ಮೇಲ್ ಮೇಲೆ ಸುಮ್ನೆ ಕ್ಲಿಕ್ ಮಾಡಿದ್ರೂ ಸಾಕು, ನಿಮ್ಮ ಫೋನಲ್ಲೂ ಅದು ದಪ್ಪ ಅಕ್ಷರ ಹೋಗಿ ತೆಳ್ಳಗಾಗಿರತ್ತೆ. ಈಗ ಯೋಚ್ನೆ ಮಾಡಿ, ಒಬ್ಬ ಕ್ಲೈಂಟ್ ರಿಟರ್ನ್ ಹಾಕಿಲ್ಲ ಅಂತ ಜಿಎಸ್‌ಟಿಆರ್-3ಎ ನೋಟಿಸ್ ಬಂತು, ಅದಕ್ಕೆ ಇರೋದು 15 ದಿನ. ಅವಳು ಓಪನ್ ಮಾಡಿದ್ಲು, ಅಷ್ಟರಲ್ಲಿ ಯಾರೋ ಕ್ಲೈಂಟ್ ಬಂದ್ರು, ಆಮೇಲೆ ನೋಡೋಣ ಅಂತ ಬಿಟ್ಲು. ನೀವು ಕೇಳಿದ ಥರ ಸೆಟ್ಟಿಂಗ್ ಇದ್ದಿದ್ರೆ ಆ ಮೇಲ್ ಅಲ್ಲಿಂದಲೇ ಮಾಯ. ನಿಮ್ಮ ಇನ್‌ಬಾಕ್ಸ್ ನೀಟಾಗಿ ಖಾಲಿ ಕಾಣತ್ತೆ, ಕ್ಲೈಂಟ್‌ಗೆ ಇಲಾಖೆಯಿಂದ ಮುಂದಿನ ಆದೇಶ ಬಂದಾಗ್ಲೇ ಗೊತ್ತಾಗೋದು.

ಅದಕ್ಕೇ ನನ್ನ ಅಭಿಪ್ರಾಯ ಏನಂದ್ರೆ, ಓದಿದ ತಕ್ಷಣ ಹೋಗೋದು ಬೇಡ. ಓದಿ ಆಗಿರ್ಬೇಕು, ಸ್ಟಾರ್ ಹಾಕಿರ್ಬಾರ್ದು, ಬಂದು ನಾಲ್ಕೈದು ದಿನ ಆಗಿರ್ಬೇಕು, ಈ ಮೂರೂ ಇದ್ರೆ ಮಾತ್ರ ಹೋಗ್ಲಿ. ಸ್ಟಾರ್ ಇದೆ ಅಂದ್ರೆ ಕೆಲಸ ಬಾಕಿ ಇದೆ ಅಂತ ಅರ್ಥ, ಕೆಲಸ ಮುಗಿದ ದಿನ ಸ್ಟಾರ್ ತೆಗೀಬೇಕು, ಇದಿಷ್ಟು ನೀವಿಬ್ರೂ ಒಪ್ಕೊಂಡ್ರೆ ಉಳಿದಿದ್ದೆಲ್ಲಾ ಸುಲಭ.

ಮೊದಲು ಫೋಲ್ಡರ್ ವಿಷ್ಯ ಒಂಚೂರು ಕ್ಲಿಯರ್ ಮಾಡ್ಕೊಳ್ಳೋಣ. ಜಿಮೇಲಲ್ಲಿ ಫೋಲ್ಡರ್ ಅನ್ನೋದೇ ಇಲ್ಲ, ಲೇಬಲ್ ಇರೋದು. 2004ರ ಏಪ್ರಿಲ್ 1ಕ್ಕೆ ಜಿಮೇಲ್ ಶುರುವಾದಾಗಿಂದ ಅದರ ಲೆಕ್ಕ ಇದೇ, ಡಿಲೀಟ್ ಮಾಡೋದು ಬೇಡ, ಎಲ್ಲಾ ಒಂದೇ ಕಡೆ ಇಟ್ಕೊಳ್ಳಿ, ಬೇಕಾದಾಗ ಹುಡುಕ್ಕೊಳ್ಳಿ ಅಂತ. ನಿಮ್ಮ ಎಲ್ಲಾ ಮೇಲೂ ಇರೋದು 'ಆಲ್ ಮೇಲ್' ಅನ್ನೋ ಒಂದೇ ಜಾಗದಲ್ಲಿ. ಇನ್‌ಬಾಕ್ಸ್ ಅನ್ನೋದೂ ಒಂದು ಲೇಬಲ್ಲೇ, ಅನ್‌ರೀಡ್ ಅನ್ನೋದೂ ಒಳಗಡೆ ಒಂದು ಲೇಬಲ್ಲೇ. ಓದಿದ್ರೆ ಅನ್‌ರೀಡ್ ಲೇಬಲ್ ಹೋಗತ್ತೆ, ಆರ್ಕೈವ್ ಒತ್ತಿದ್ರೆ ಇನ್‌ಬಾಕ್ಸ್ ಲೇಬಲ್ ಹೋಗತ್ತೆ, ಮೇಲ್ ಮಾತ್ರ ಇದ್ದಲ್ಲೇ ಇರತ್ತೆ. ಹಂಗಾಗಿ ಆರ್ಕೈವ್ ಅಂದ್ರೆ ಹೆದರಬೇಡಿ, ಸರ್ಚಲ್ಲಿ ಸಿಗತ್ತೆ, ಆ ಮೇಲ್‌ಗೆ ಯಾರಾದ್ರೂ ರಿಪ್ಲೈ ಮಾಡಿದ್ರೆ ಇಡೀ ಸರಣಿ ತಾನಾಗೇ ಇನ್‌ಬಾಕ್ಸ್‌ಗೆ ವಾಪಸ್ ಬರತ್ತೆ (ನೀವು ಮ್ಯೂಟ್ ಮಾಡಿರದೇ ಇದ್ರೆ). ಹೆದರಬೇಕಿರೋದು ಡಿಲೀಟ್‌ಗೆ, ಟ್ರ್ಯಾಷ್‌ಗೆ ಹೋಗಿದ್ದು 30 ದಿನ ಆದ್ಮೇಲೆ ಶಾಶ್ವತವಾಗಿ ಹೋಯ್ತು. ಇನ್ನೊಂದು, ಆರ್ಕೈವ್ ಮಾಡಿದ್ರೆ ಸ್ಟೋರೇಜಲ್ಲಿ ಜಾಗ ಏನೂ ಉಳಿಯಲ್ಲ, ಆ 15 ಜಿಬಿ ಲೆಕ್ಕ ಡ್ರೈವ್, ಫೋಟೋಸ್ ಎಲ್ಲಾ ಸೇರಿ ಹಾಗೇ ಇರತ್ತೆ.

ಈಗ ಮೊದಲನೇ ದಾರಿ, ಎರಡು ನಿಮಿಷದ ಕೆಲಸ. ಕಂಪ್ಯೂಟರಲ್ಲಿ ಜಿಮೇಲ್ ತೆಗೆದು ಬಲಗಡೆ ಮೇಲಿರೋ ಗಿಯರ್ ಒತ್ತಿ, ಪಕ್ಕದಲ್ಲೊಂದು ಪಟ್ಟಿ ಬರತ್ತೆ, ಅದರಲ್ಲಿ ಕೆಳಗೆ ಹೋದ್ರೆ 'ಇನ್‌ಬಾಕ್ಸ್ ಟೈಪ್' ಅಂತಿದೆ, ಅಲ್ಲಿ 'ಅನ್‌ರೀಡ್ ಫಸ್ಟ್' ಆರಿಸಿ. ಅಷ್ಟೇ. ಓದದೇ ಇರೋದೆಲ್ಲಾ ಮೇಲೆ ಒಂದು ಭಾಗದಲ್ಲಿ, ಉಳಿದಿದ್ದು 'ಎವ್ರಿಥಿಂಗ್ ಎಲ್ಸ್' ಅಂತ ಕೆಳಗೆ. ಒಂದು ಮೇಲ್ ಓಪನ್ ಮಾಡಿ ವಾಪಸ್ ಬಂದ್ರೆ ಅದು ಕೆಳಗಿನ ಭಾಗಕ್ಕೆ ಇಳಿದಿರತ್ತೆ. ಯಾವ ಮೇಲೂ ಎಲ್ಲೂ ಹೋಗಿಲ್ಲ, ಜೋಡಿಸೋ ರೀತಿ ಮಾತ್ರ ಬದಲಾಗಿದೆ, ಅದಕ್ಕೇ ಇದು ಸೇಫ್. ಪ್ರೈಮರಿ, ಸೋಷಿಯಲ್, ಪ್ರೊಮೋಷನ್ಸ್ ಅಂತ ಮೇಲೆ ಟ್ಯಾಬ್ ಇರತ್ತಲ್ಲ, ಅದು ಹೋಗ್ಬಿಡತ್ತೆ, ಅದಿರೋದು 'ಡೀಫಾಲ್ಟ್' ಅಲ್ಲಿ ಮಾತ್ರ. ಕೆಲವರಿಗೆ ಇದು ಬೇಜಾರು, ನನ್ನ ಕೇಳಿದ್ರೆ ಆಫೀಸ್ ಅಕೌಂಟ್‌ಗೆ ಆ ಟ್ಯಾಬ್ ಇಲ್ಲದೇ ಇರೋದೇ ಒಳ್ಳೇದು, ಬ್ಯಾಂಕಿಂದು ಟ್ಯಾಕ್ಸ್ ಪೋರ್ಟಲ್‌ದು ಎಷ್ಟೋ ಸಲ ಅಪ್‌ಡೇಟ್ಸ್ ಟ್ಯಾಬಲ್ಲಿ ಸೇರ್ಕೊಂಡು ಕಾಣದೇ ಹೋಗತ್ತೆ.

ಸ್ಟಾರ್ ಹಾಕಿದ್ದು ಯಾವಾಗ್ಲೂ ಕಣ್ಣೆದುರಿಗೇ ಇರ್ಬೇಕು ಅಂದ್ರೆ ಅದೇ ಪಟ್ಟಿಯಲ್ಲಿ 'ಮಲ್ಟಿಪಲ್ ಇನ್‌ಬಾಕ್ಸಸ್' ಅಂತ ಇದೆ, ಅದ್ರಲ್ಲಿ ಐದು ಭಾಗದವರೆಗೂ ನೀವೇ ಸರ್ಚ್ ಕೊಟ್ಟು ಮಾಡ್ಕೋಬೋದು, ಒಂದಕ್ಕೆ ಸ್ಟಾರ್ ಇರೋದು ಅಂತ ಕೊಟ್ಟು 'ಬಾಕಿ ಕೆಲಸ' ಅಂತ ಕನ್ನಡದಲ್ಲೇ ಹೆಸರಿಟ್ಟು ಇನ್‌ಬಾಕ್ಸ್ ಮೇಲ್ಗಡೆ ಕೂರಿಸಿ. ಇದು ಬ್ರೌಸರಲ್ಲಿ ಮಾತ್ರ ಕಾಣೋದು. 'ಅನ್‌ರೀಡ್ ಫಸ್ಟ್' ಬೇಕಾ ಇದು ಬೇಕಾ ಅಂದ್ರೆ, ಎರಡೂ ಒಟ್ಟಿಗೆ ಆಗಲ್ಲ, ಒಂದು ವಾರ ಒಂದೊಂದು ನೋಡಿ. ಸುಮಾರು ಜನರಿಗೆ ಇಲ್ಲಿಗೇ ತೃಪ್ತಿ ಆಗಿ ಮುಂದಿಂದು ಬೇಕೇ ಆಗಲ್ಲ.

ನಿಮಗೆ ಇಷ್ಟು ಸಾಲಲ್ಲ ಅಂತ ಅನ್ಸತ್ತೆ, ಯಾಕಂದ್ರೆ ಅಸಿಸ್ಟೆಂಟ್ ಸಮಸ್ಯೆ ಹಾಗೇ ಉಳೀತು. ಅದಕ್ಕೆ ಜಿಮೇಲಲ್ಲೇ ಒಂದು ವ್ಯವಸ್ಥೆ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಸೆಟ್ಟಿಂಗ್ಸ್‌ನಲ್ಲಿ 'ಅಕೌಂಟ್ಸ್ ಆ್ಯಂಡ್ ಇಂಪೋರ್ಟ್' ಅನ್ನೋ ಟ್ಯಾಬಲ್ಲಿ 'ಗ್ರಾಂಟ್ ಆ್ಯಕ್ಸೆಸ್ ಟು ಯುವರ್ ಅಕೌಂಟ್' ಅಂತ ಇದೆ. ಅವಳ ಸ್ವಂತ ಜಿಮೇಲ್ ಅಡ್ರೆಸ್ ಅಲ್ಲಿ ಕೊಟ್ರೆ ಅವಳು ತನ್ನ ಲಾಗಿನ್‌ನಿಂದಲೇ ನಿಮ್ಮ ಮೇಲ್ ನೋಡ್ಬೋದು, ರಿಪ್ಲೈ ಮಾಡ್ಬೋದು, ಡಿಲೀಟೂ ಮಾಡ್ಬೋದು, ಆದ್ರೆ ಪಾಸ್‌ವರ್ಡ್ ಬದಲಾಯಿಸಕ್ಕೆ ಆಗಲ್ಲ. ಅದರ ಕೆಳಗೇ ಎರಡು ಆಯ್ಕೆ, ಬೇರೆಯವರು ಓಪನ್ ಮಾಡಿದ್ರೆ ಓದಿದ್ದು ಅಂತ ಮಾರ್ಕ್ ಮಾಡಲಾ ಅಥವಾ ಓದದೇ ಇರೋ ಹಾಗೇ ಬಿಡಲಾ ಅಂತ. ಎರಡನೇದು ಆರಿಸಿ. ಇನ್ಮೇಲೆ ಅವಳು ಎಷ್ಟು ಸಲ ನೋಡಿದ್ರೂ ನಿಮಗೆ ಅದು ದಪ್ಪ ಅಕ್ಷರದಲ್ಲೇ ಇರತ್ತೆ, ನೀವು ನೋಡಿದ್ರೆ ಮಾತ್ರ ಓದಿದ ಲೆಕ್ಕ. ಪಾಸ್‌ವರ್ಡ್ ಹಂಚ್ಕೊಳ್ಳೋ ಅಭ್ಯಾಸಾನೂ ಇದ್ರಲ್ಲೇ ತಪ್ಪತ್ತೆ, ಕ್ಲೈಂಟ್‌ಗಳ ಪ್ಯಾನು ಬ್ಯಾಂಕ್ ಸ್ಟೇಟ್‌ಮೆಂಟು ಎಲ್ಲಾ ಇರೋ ಅಕೌಂಟ್ ಅದು, ನಾಳೆ ಅವಳು ಬೇರೆ ಕಡೆ ಕೆಲಸಕ್ಕೆ ಹೋದ್ರೆ ಆ ಹೆಸರು ತೆಗೆದ್ರೆ ಮುಗೀತು.

ಇನ್ನು ಈಗಾಗ್ಲೇ ತುಂಬ್ಕೊಂಡಿರೋ ಹಳೇ ರಾಶಿ. ಇದನ್ನ ಕೈಯಲ್ಲೇ ಒಂದ್ಸಲ ತೆಗೀಬೇಕು. ಸರ್ಚ್ ಬಾಕ್ಸಲ್ಲಿ ಟೈಪ್ ಮಾಡಬೇಕಾಗಿದ್ದನ್ನ ಫೋನಲ್ಲಿ ಹೇಳೋ ಹಾಗೆ ಹೇಳ್ತೀನಿ, ನೀವು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ: 'ಇನ್' ಕೋಲನ್ 'ಇನ್‌ಬಾಕ್ಸ್', ಒಂದು ಸ್ಪೇಸ್, 'ಈಸ್' ಕೋಲನ್ 'ರೀಡ್', ಸ್ಪೇಸ್, 'ಓಲ್ಡರ್' ಅಂಡರ್‌ಸ್ಕೋರ್ 'ದ್ಯಾನ್' ಕೋಲನ್ 30 'ಡಿ', ಸ್ಪೇಸ್, ಮೈನಸ್ ಚಿಹ್ನೆ ಹಾಕಿ ಅದಕ್ಕೆ ಅಂಟಿಸಿ 'ಈಸ್' ಕೋಲನ್ 'ಸ್ಟಾರ್ಡ್'. ಕೋಲನ್ ಹಿಂದೆ ಮುಂದೆ ಸ್ಪೇಸ್ ಬಿಡಬೇಡಿ. ಅಂದ್ರೆ ಇನ್‌ಬಾಕ್ಸಲ್ಲಿರೋ, ಓದಿರೋ, 30 ದಿನಕ್ಕಿಂತ ಹಳೇ, ಸ್ಟಾರ್ ಇಲ್ಲದೇ ಇರೋ ಮೇಲು. ಮೇಲಿರೋ ಚೌಕ ಟಿಕ್ ಮಾಡಿದ್ರೆ ಆ ಪುಟದಲ್ಲಿರೋ 50 ಮಾತ್ರ ಸೆಲೆಕ್ಟ್ ಆಗತ್ತೆ, ಸುಮಾರು ಜನ ಇಲ್ಲೇ ನಿಂತು ಪುಟ ಪುಟ ಮಾಡ್ತಾ ಸುಸ್ತಾಗ್ತಾರೆ. ಟಿಕ್ ಮಾಡಿದ ತಕ್ಷಣ ಪಟ್ಟಿಯ ತಲೆ ಮೇಲೆ ಸಣ್ಣಗೆ ಒಂದು ಲಿಂಕ್ ಬರತ್ತೆ, ಈ ಸರ್ಚ್‌ಗೆ ಸಿಕ್ಕಿದ್ದೆಲ್ಲಾ ಸೆಲೆಕ್ಟ್ ಮಾಡು ಅಂತ, ಅದನ್ನ ಒತ್ತಿ ಆಮೇಲೆ ಆರ್ಕೈವ್ ಒತ್ತಿ.

ಆದ್ರೆ ತಡೀರಿ, ಒತ್ತೋ ಮುಂಚೆ ಇದನ್ನ ಓದಿ. ಜಿಮೇಲ್ ಹುಡುಕೋದು ಒಂದೊಂದು ಮೇಲನ್ನ, ತೋರಿಸೋದು ಮಾತ್ರ ಇಡೀ ಸರಣಿಯನ್ನ. ಒಬ್ಬ ಕ್ಲೈಂಟ್ ಜೊತೆ ಜೂನಿಂದ ಒಂದೇ ಸಬ್ಜೆಕ್ಟಲ್ಲಿ ಹತ್ತು ರಿಪ್ಲೈ ಓಡಾಡಿದೆ ಅಂತಿಟ್ಕೊಳ್ಳಿ, ಅದರಲ್ಲಿ ಜೂನ್ ತಿಂಗಳ ಮೊದಲನೇ ಮೇಲ್ ಹಳೇದು, ಓದಿರೋದು, ಅದಕ್ಕೆ ಸ್ಟಾರ್ ಇಲ್ಲ, ಅಂದ್ರೆ ಸರ್ಚ್‌ಗೆ ಸಿಕ್ತು. ಅದೇ ಸರಣಿಯಲ್ಲಿ ಇವತ್ತು ಬೆಳಗ್ಗೆ ಬಂದಿರೋ ಓದದೇ ಇರೋ ರಿಪ್ಲೈನೂ ಇದೆ, ನಿನ್ನೆ ಸ್ಟಾರ್ ಹಾಕಿದ್ದೂ ಇದೆ. ಆರ್ಕೈವ್ ಒತ್ತಿದ್ರೆ ಮೂರೂ ಒಟ್ಟಿಗೆ ಹೋಗತ್ತೆ. ಇದಕ್ಕೆ ಸುಲಭದ ಉಪಾಯ, ಸೆಟ್ಟಿಂಗ್ಸ್ ಜನರಲ್‌ನಲ್ಲಿ 'ಕಾನ್ವರ್ಸೇಷನ್ ವ್ಯೂ' ಅಂತಿದೆ, ಅದನ್ನ ಆಫ್ ಮಾಡಿ ಸೇವ್ ಮಾಡಿ, ಆವಾಗ ಪ್ರತಿ ಮೇಲೂ ಬೇರೆ ಬೇರೆ ಸಾಲಲ್ಲಿ ಕಾಣತ್ತೆ, ಕ್ಲೀನ್ ಮಾಡಿ, ಆಮೇಲೆ ಬೇಕಿದ್ರೆ ಮತ್ತೆ ಆನ್ ಮಾಡ್ಕೊಳ್ಳಿ. ಈಗಾಗ್ಲೇ ಒತ್ತಿಬಿಟ್ಟಿದ್ರೂ ಪರ್ವಾಗಿಲ್ಲ, ಸ್ಟಾರ್ ಇರೋದು ಎಡಗಡೆ 'ಸ್ಟಾರ್ಡ್' ಅನ್ನೋದ್ರಲ್ಲಿ ಸಿಕ್ಕೇ ಸಿಗತ್ತೆ, ಓದದೇ ಹೋಗಿಬಿಟ್ಟಿದ್ದನ್ನ 'ಈಸ್' ಕೋಲನ್ 'ಅನ್‌ರೀಡ್', ಮೈನಸ್ 'ಇನ್' ಕೋಲನ್ 'ಇನ್‌ಬಾಕ್ಸ್' ಅಂತ ಹಾಕಿ ಹುಡುಕಿ ವಾಪಸ್ ಇನ್‌ಬಾಕ್ಸ್‌ಗೆ ತರಬೋದು.

ರಾಶಿ ಕರಗಿತು, ಇನ್ನು ಹೊಸದು ತುಂಬ್ಕೊಳ್ಳದ ಹಾಗೆ ಮಾಡ್ಬೇಕು. ಇಲ್ಲಿ ಫಿಲ್ಟರ್ ನಿಜವಾಗ್ಲೂ ಉಪಯೋಗಕ್ಕೆ ಬರತ್ತೆ, ಅದರ ಕೈಲಾಗೋ ಕೆಲಸ ಕೊಟ್ರೆ. ನ್ಯೂಸ್‌ಲೆಟರ್, ಸಾಫ್ಟ್‌ವೇರ್ ಕಂಪನಿ ಆಫರ್, ವೆಬಿನಾರ್‌ಗೆ ಬನ್ನಿ ಅನ್ನೋದು, ಇವಕ್ಕೆಲ್ಲಾ 'ಸ್ಕಿಪ್ ದ ಇನ್‌ಬಾಕ್ಸ್' ಜೊತೆ ಒಂದು ಲೇಬಲ್. ಆಮೇಲೆ ಸೆಟ್ಟಿಂಗ್ಸ್ ಲೇಬಲ್ಸ್‌ನಲ್ಲಿ ಆ ಲೇಬಲ್ ಎದುರಿಗೆ 'ಶೋ ಇಫ್ ಅನ್‌ರೀಡ್' ಅಂತ ಇದೆ ನೋಡಿ, ಅದನ್ನ ಒತ್ತಿದ್ರೆ ಓದದೇ ಇರೋದು ಇದ್ದಾಗ ಮಾತ್ರ ಎಡಗಡೆ ಲೇಬಲ್ ಕಾಣತ್ತೆ, ಓದಿ ಮುಗಿಸಿದ್ರೆ ತಾನೇ ಮರೆಯಾಗತ್ತೆ. ನೀವು ಕೇಳಿದ್ದಕ್ಕೆ ಜಿಮೇಲ್ ಒಳಗೇ ಇರೋ ಅತಿ ಹತ್ತಿರದ ಸೌಲಭ್ಯ ಅಂದ್ರೆ ನನ್ನ ಪ್ರಕಾರ ಇದೇ. ಬೇಡವೇ ಬೇಡ ಅನ್ನೋ ಜಾಹೀರಾತನ್ನ ಫಿಲ್ಟರ್ ಮಾಡ್ತಾ ಕೂರಬೇಡಿ, ಅನ್‌ಸಬ್‌ಸ್ಕ್ರೈಬ್ ಮಾಡಿ, 2024ರ ಫೆಬ್ರವರಿಯಿಂದ ದಿನಕ್ಕೆ 5000ಕ್ಕಿಂತ ಜಾಸ್ತಿ ಮೇಲ್ ಜಿಮೇಲ್‌ಗೆ ಕಳಿಸೋ ಕಂಪನಿಗಳಿಗೆ ಗೂಗಲ್ ಕಟ್ಟುನಿಟ್ಟಿನ ನಿಯಮ ತಂದಿದೆ, ಪ್ರಚಾರದ ಮೇಲಲ್ಲಿ ಒಂದೇ ಕ್ಲಿಕ್ಕಲ್ಲಿ ಬಿಡಿಸ್ಕೊಳ್ಳೋ ಹಾಗಿರ್ಬೇಕು ಅಂತ, ಹಂಗಾಗಿ ಕಳಿಸಿದವರ ಹೆಸರಿನ ಪಕ್ಕದಲ್ಲೇ ಆ ಬಟನ್ ಸಿಗತ್ತೆ.

ಕ್ಲೈಂಟ್‌ಗೊಂದು ಲೇಬಲ್ ಮಾಡೋದಾದ್ರೆ ನಿಮ್ಮ ಕೆಲಸದಲ್ಲಿ ಒಂದು ತೊಡಕಿದೆ. ಪೋರ್ಟಲಿಂದ ಬರೋ ಮೇಲ್ ಯಾವ ಕ್ಲೈಂಟ್‌ದೇ ಆಗ್ಲಿ ಕಳಿಸಿದವರ ಅಡ್ರೆಸ್ ಒಂದೇ, ಹಂಗಾಗಿ 'ಫ್ರಮ್' ಇಟ್ಕೊಂಡು ಬೇರೆ ಮಾಡಕ್ಕೆ ಆಗಲ್ಲ, ಮೇಲ್ ಒಳಗಿರೋ ಜಿಎಸ್‌ಟಿಐಎನ್, ಅಂದ್ರೆ ಆ ಕ್ಲೈಂಟ್‌ನ ಜಿಎಸ್‌ಟಿ ನಂಬರ್ ಹಿಡ್ಕೋಬೇಕು. ಆವಾಗ ಪೂರ್ತಿ 15 ಅಕ್ಷರ ಕೊಡಿ. ಶುರುವಿನ 29 (ಕರ್ನಾಟಕದ ಕೋಡ್) ಬಿಟ್ಟು ನಡುವಿನ ಪ್ಯಾನ್ ಹತ್ತು ಅಕ್ಷರ ಮಾತ್ರ ಕೊಟ್ರೆ ಜಿಎಸ್‌ಟಿ, ಇನ್‌ಕಂ ಟ್ಯಾಕ್ಸ್ ಎರಡೂ ಥರದ ಮೇಲ್ ಸಿಗತ್ತಲ್ಲ ಅಂತ ಅನ್ಸತ್ತೆ, ಸಿಗಲ್ಲ, ಯಾಕಂದ್ರೆ ಜಿಮೇಲ್ ಪೂರ್ತಿ ಪದ ಹುಡುಕತ್ತೆ, ಪದದ ಒಳಗಿನ ತುಂಡು ಹುಡುಕಲ್ಲ. ಪ್ಯಾನ್‌ಗೆ ಬೇರೆಯಾಗೇ ಕೊಡಬೇಕು, ನಡುವೆ 'ಆರ್' ('ಅಥವಾ' ಅನ್ನೋ ಇಂಗ್ಲಿಷ್ ಪದ) ಅಂತ ದೊಡ್ಡಕ್ಷರದಲ್ಲಿ ಹಾಕಿದ್ರೆ ಒಂದೇ ಫಿಲ್ಟರಲ್ಲಿ ಎರಡೂ ಆಗತ್ತೆ. ಇನ್‌ಕಂ ಟ್ಯಾಕ್ಸ್‌ನೋರು ಕೆಲವು ಮೇಲಲ್ಲಿ ಪ್ಯಾನ್ ನಡುವೆ ಎಕ್ಸ್ ಎಕ್ಸ್ ಅಂತ ಮರೆ ಮಾಡಿರ್ತಾರೆ, ಅಲ್ಲಿ ಕ್ಲೈಂಟ್ ಹೆಸರೇ ಗತಿ. ಇನ್‌ಕಂ ಟ್ಯಾಕ್ಸ್ ರಿಟರ್ನ್ ಪರಿಶೀಲಿಸೋ ಬೆಂಗಳೂರು ಸಿಪಿಸಿ ಕೇಂದ್ರದಿಂದ 143(1) ಇಂಟಿಮೇಷನ್ ಅನ್ನೋ ಸೂಚನಾ ಪತ್ರ ಬರತ್ತಲ್ಲ, ಅದರ ಪಿಡಿಎಫ್‌ಗೆ ಪಾಸ್‌ವರ್ಡ್ ಇರೋದ್ರಿಂದ ಒಳಗಿರೋದನ್ನ ಜಿಮೇಲ್ ಸರ್ಚ್ ಓದಕ್ಕಾಗಲ್ಲ, ಅದನ್ನೂ ಲೆಕ್ಕದಲ್ಲಿಟ್ಕೊಳ್ಳಿ. ಈ ಕ್ಲೈಂಟ್ ಫಿಲ್ಟರ್‌ಗಳಿಗೆ ಲೇಬಲ್ ಮಾತ್ರ ಹಾಕಿ, 'ಸ್ಕಿಪ್ ದ ಇನ್‌ಬಾಕ್ಸ್' ಹಾಕಬೇಡಿ.

ಈಗ ನೀವು ಕೇಳಿದ ಅಸಲಿ ಕೆಲಸ, ಓದಿದ್ದು ತಾನಾಗೇ ಹೋಗೋದು. ಇದಕ್ಕೆ ಗೂಗಲ್‌ದೇ 'ಆ್ಯಪ್ಸ್ ಸ್ಕ್ರಿಪ್ಟ್' ಅಂತ ಇದೆ, ಸಣ್ಣ ಪ್ರೋಗ್ರಾಂ ಬರೆದಿಟ್ರೆ ತಾನಾಗೇ ಓಡಿಸೋ ಜಾಗ, ದುಡ್ಡು ಕೊಡಬೇಕಿಲ್ಲ, ನಿಮ್ಮ ಕಂಪ್ಯೂಟರ್ ಆಫ್ ಇದ್ರೂ ಗೂಗಲ್ ಸರ್ವರಲ್ಲಿ ಓಡತ್ತೆ. ಕೋಡಿಂಗ್ ಅಂದ ತಕ್ಷಣ ಗಾಬರಿ ಆಗ್ಬೇಡಿ, ಹತ್ತು ಹದಿನೈದು ಸಾಲು ಅಷ್ಟೇ, ಗೊತ್ತಿರೋ ಇಂಜಿನಿಯರಿಂಗ್ ಹುಡುಗರಿಗೆ ಹೇಳಿದ್ರೆ ಕಾಫಿ ಕುಡಿಯೋದ್ರೊಳಗೆ ಬರ್ಕೊಡ್ತಾರೆ, ಏನು ಬರೀಬೇಕು ಅನ್ನೋದು ಮಾತ್ರ ನೀವು ಸರಿಯಾಗಿ ಹೇಳ್ಬೇಕು. ಹೀಗೆ ಹೇಳಿ: 'ಜಿಮೇಲ್‌ಆ್ಯಪ್'ನ 'ಸರ್ಚ್' ಇಟ್ಕೊಂಡು ಮೇಲೆ ಹೇಳಿದ ಅದೇ ಸರ್ಚ್ ಕೊಡೋದು, 30 'ಡಿ' ಬದಲು 5 'ಡಿ'. ಸಿಕ್ಕಿದ ಸರಣಿಗಳನ್ನ ಒಂದೊಂದಾಗಿ ತಗೊಂಡು ಮೂರು ಪರೀಕ್ಷೆ ಮಾಡೋದು. 'ಈಸ್‌ಅನ್‌ರೀಡ್' ಹೌದು ಅಂದ್ರೆ ಬಿಟ್ಬಿಡೋದು. 'ಹ್ಯಾಸ್‌ಸ್ಟಾರ್ಡ್‌ಮೆಸೇಜಸ್' ಹೌದು ಅಂದ್ರೂ ಬಿಟ್ಬಿಡೋದು. 'ಗೆಟ್‌ಲಾಸ್ಟ್‌ಮೆಸೇಜ್‌ಡೇಟ್' ತೆಗೆದು ನೋಡಿ ಕೊನೇ ಮೇಲ್ ಬಂದು ಐದು ದಿನ ಆಗಿಲ್ಲ ಅಂದ್ರೂ ಬಿಟ್ಬಿಡೋದು. ಮೂರೂ ದಾಟಿದ್ದಕ್ಕೆ ಮಾತ್ರ 'ಮೂವ್‌ಟುಆರ್ಕೈವ್'. ಈ ಪರೀಕ್ಷೆ ಯಾಕೆ ಅಂದ್ರೆ ಆಗ್ಲೇ ಹೇಳಿದ ಸರಣಿ ತೊಂದರೆ ಇಲ್ಲೂ ಇದೆ, ಸರ್ಚ್ ಒಂದನ್ನೇ ನಂಬಿದ್ರೆ ಇವತ್ತಿನ ರಿಪ್ಲೈನೂ ಹೊತ್ಕೊಂಡು ಹೋಗತ್ತೆ. ಇದಕ್ಕೆ ಅಂತ ರೆಡಿಮೇಡ್ ಸ್ಕ್ರಿಪ್ಟ್ ಬೇಕಾದಷ್ಟು ಸಿಗತ್ತೆ, ಕಾಪಿ ಮಾಡೋ ಮುಂಚೆ ಈ ಪರೀಕ್ಷೆಗಳು ಅದರಲ್ಲಿ ಇದ್ಯಾ ನೋಡಿ, ಸುಮಾರರಲ್ಲಿ ಇರಲ್ಲ.

ಇನ್ನೊಂದು ಕೆಲಸ ಸೇರಿಸಿ ಅಂತ ಹೇಳ್ತೀನಿ, ಆರ್ಕೈವ್ ಮಾಡೋ ಮುಂಚೆ 'ಆ್ಯಡ್‌ಲೇಬಲ್' ಮಾಡಿ 'ತಾನಾಗಿ ಹೋಗಿದ್ದು' ಅಂತ ಒಂದು ಲೇಬಲ್ ಅಂಟಿಸೋದು. ಸ್ಕ್ರಿಪ್ಟ್ ತೆಗೆದಿದ್ದು ಯಾವುದು ನೀವು ತೆಗೆದಿದ್ದು ಯಾವುದು ಅಂತ ಗೊತ್ತಾಗತ್ತೆ, ನಿಮಗೆ ಬೇಕಾಗಿದ್ದ ಆ 'ಬೇರೆ ಫೋಲ್ಡರ್' ಕೂಡ ಸಿಕ್ಕಂಗಾಯ್ತು. ಮೊದಲ ವಾರ ಆರ್ಕೈವ್ ಸಾಲನ್ನ ನಿಲ್ಲಿಸಿ ಬರೀ ಲೇಬಲ್ ಹಾಕಿಸಿ ನೋಡಿ, ಯಾವ್ಯಾವುದಕ್ಕೆ ಲೇಬಲ್ ಬಿದ್ದಿದೆ ಅಂತ ದಿನಾ ಕಣ್ಣಾಡಿಸಿ, ಇದು ಹೋಗ್ಬಾರ್ದಿತ್ತು ಅನ್ಸಿದ್ರೆ ದಿನದ ಲೆಕ್ಕ ಹೆಚ್ಚು ಮಾಡ್ಕೊಳ್ಳಿ. ರಿಟರ್ನ್ ಸಮಯ ಅಂದ್ರೆ 11ನೇ ತಾರೀಖು 20ನೇ ತಾರೀಖಿನ ಆಸುಪಾಸಲ್ಲಿ ನಿಮಗೆ ಉಸಿರಾಡಕ್ಕೂ ಪುರಸೊತ್ತಿರಲ್ಲ, ಆ ಹತ್ತು ದಿನದ ಗಲಾಟೆಯಲ್ಲಿ ಓದಿ ಮರೆತಿದ್ದು ಹೋಗ್ಬಾರ್ದು ಅಂದ್ರೆ 5ರ ಬದಲು 12 ದಿನ ಇಡೋದು ವಾಸಿ.

ಸ್ಕ್ರಿಪ್ಟ್ ಮೊದಲನೇ ಸಲ ರನ್ ಮಾಡಿದಾಗ ಅನುಮತಿ ಕೇಳತ್ತೆ, ಈ ಆ್ಯಪ್‌ನ ಗೂಗಲ್ ವೆರಿಫೈ ಮಾಡಿಲ್ಲ ಅಂತ ಹೆದರಿಸೋ ಥರ ಒಂದು ಪುಟ ಬರತ್ತೆ, ನಿಮ್ಮದೇ ಅಕೌಂಟಲ್ಲಿ ನೀವೇ ಮಾಡಿರೋ ಸ್ಕ್ರಿಪ್ಟ್‌ಗೂ ಬರತ್ತೆ, 'ಅಡ್ವಾನ್ಸ್ಡ್' ಒತ್ತಿ ಮುಂದೆ ಹೋಗ್ಬೋದು. ಆದ್ರೆ ಒಂದು ಶರತ್ತು, ಸ್ಕ್ರಿಪ್ಟ್ ನಿಮ್ಮ ಅಕೌಂಟಲ್ಲೇ ಇರ್ಬೇಕು, ಒಳಗೆ ಏನಿದೆ ಅಂತ ಬರೆದವರು ಸಾಲು ಸಾಲಾಗಿ ನಿಮಗೆ ಹೇಳಿರ್ಬೇಕು. ಯಾರದ್ದೋ ಲಿಂಕ್ ಒತ್ತಿ ಇದೇ ಪುಟ ಬಂದ್ರೆ ಅಲ್ಲಿಂದಲೇ ವಾಪಸ್ ಬನ್ನಿ. ಆಮೇಲೆ ಎಡಗಡೆ ಗಡಿಯಾರದ ಚಿತ್ರ ಇರತ್ತೆ, ಅದು ಟ್ರಿಗ್ಗರ್ಸ್, ಅಲ್ಲಿ 'ಟೈಮ್ ಡ್ರಿವನ್', 'ಡೇ ಟೈಮರ್' ಆರಿಸಿ ರಾತ್ರಿ 2ರಿಂದ 3ರೊಳಗೆ ಅಂತ ಕೊಟ್ರೆ ದಿನಾ ಆ ಹೊತ್ತಿಗೆ ಓಡತ್ತೆ. ಒಂದ್ಸಲಕ್ಕೆ ಆರು ನಿಮಿಷ ಮೀರಿ ಓಡಕ್ಕೆ ಗೂಗಲ್ ಬಿಡಲ್ಲ, ಅದಕ್ಕೇ ಹಳೇ ರಾಶಿಯನ್ನ ಮೊದಲೇ ಕೈಯಲ್ಲಿ ತೆಗೀರಿ ಅಂದಿದ್ದು, ದಿನದಿನದ್ದಾದ್ರೆ ಸೆಕೆಂಡುಗಳ ಕೆಲಸ.

ಇಷ್ಟೆಲ್ಲಾ ಯಾಕೆ, ಇನ್‌ಬಾಕ್ಸ್ ಕ್ಲೀನ್ ಮಾಡ್ಕೊಡೋ ಆ್ಯಪ್‌ಗಳೇ ಇವೆಯಲ್ಲ ಅಂತ ಕೇಳ್ತೀರ. ಇವೆ, ಕೆಲವು ಚೆನ್ನಾಗೂ ಇವೆ, ಆದ್ರೆ ಅವಕ್ಕೆ ನಿಮ್ಮ ಇಡೀ ಮೇಲ್ ಓದೋ ಅನುಮತಿ ಕೊಡ್ಬೇಕು. 'ಅನ್‌ರೋಲ್ ಮಿ' ಅಂತ ಒಂದು ಫ್ರೀ ಸೇವೆ ಭಾರೀ ಜನಪ್ರಿಯ ಆಗಿತ್ತು, ಬೇಡದ ಮೇಲ್ ನಿಲ್ಲಿಸ್ಕೊಡ್ತೀವಿ ಅಂತ ಸೇರಿಸ್ಕೊಂಡು ಜನರ ಖರೀದಿ ರಸೀದಿಗಳಿಂದ ಮಾಹಿತಿ ತೆಗೆದು ಮಾರಾಟ ಮಾಡ್ತಿತ್ತು ಅನ್ನೋದು 2017ರಲ್ಲಿ ಹೊರಗೆ ಬಂತು, 2019ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ ಸೆಟಲ್‌ಮೆಂಟ್ ಮಾಡ್ಕೋಬೇಕಾಯ್ತು. ಸ್ವಂತ ಮೇಲ್ ಆದ್ರೆ ನಿಮ್ಮಿಷ್ಟ, ನಿಮ್ಮ ಅಕೌಂಟಲ್ಲಿ ಇರೋದು ಬೇರೆಯವರ ಲೆಕ್ಕಪತ್ರ, ಅದಕ್ಕೆ ನಾನಂತೂ ಬೇಡ ಅಂತೀನಿ.

ಯಜಮಾನ್ರ ಔಟ್‌ಲುಕ್ ವಿಷ್ಯ ಬೇಗ ಹೇಳ್ಬಿಡ್ತೀನಿ. ಅಲ್ಲೂ ರೂಲ್ಸ್ ಅನ್ನೋದು ಮೇಲ್ ಬರೋ ಹೊತ್ತಲ್ಲೇ ಕೆಲಸ ಮಾಡೋದು, ಓದಿದ ಮೇಲೆ ಅಲ್ಲ. ಆದ್ರೆ ಜಿಮೇಲಲ್ಲಿ ಇಲ್ಲದ ಒಂದು ಒಳ್ಳೇ ಸೌಲಭ್ಯ ಅಲ್ಲಿದೆ, ಅದರ ಹೆಸರು 'ಸ್ವೀಪ್'. ಒಬ್ಬರ ಮೇಲ್ ಆರಿಸಿ ಸ್ವೀಪ್ ಒತ್ತಿದ್ರೆ, ಇವರದ್ದು ಕೊನೇದೊಂದು ಮಾತ್ರ ಇಟ್ಕೊಂಡು ಉಳಿದಿದ್ದು ತೆಗಿ ಅಂತ ಹೇಳ್ಬೋದು, 10 ದಿನಕ್ಕಿಂತ ಹಳೇದೆಲ್ಲಾ ತೆಗೀತಾ ಇರು ಅಂತಾನೂ ಹೇಳ್ಬೋದು, ದಿನಕ್ಕೊಂದ್ಸಲ ಅದು ತಾನೇ ಓಡತ್ತೆ. ಓದಿದ್ದಾ ಇಲ್ವಾ ಅಂತ ಅದು ನೋಡಲ್ಲ, ದಿನ ಮಾತ್ರ ನೋಡೋದು, ಹಂಗಾಗಿ ಬ್ಯಾಂಕ್‌ನೋರ ಮೇಲ್‌ಗೆ ಹಾಕಬೇಡಿ, ಶಾಪಿಂಗ್, ಫುಡ್ ಡೆಲಿವರಿ ಇಂಥದ್ದಕ್ಕೆ ಹಾಕಿ. ಓದಿದ್ದೇ ಕಂಡೀಷನ್ ಬೇಕು ಅಂದ್ರೆ ಕಂಪ್ಯೂಟರಿಗೆ ಥಂಡರ್‌ಬರ್ಡ್ ಅನ್ನೋ ಫ್ರೀ ಪ್ರೋಗ್ರಾಂ ಹಾಕ್ಕೊಳ್ಳಿ, ಅದರ ಫಿಲ್ಟರಲ್ಲಿ 'ಸ್ಟೇಟಸ್ ಈಸ್ ರೀಡ್', 'ಏಜ್ ಇನ್ ಡೇಸ್' ಎರಡೂ ಇದೆ, ಹತ್ತು ನಿಮಿಷಕ್ಕೊಂದ್ಸಲ ತಾನಾಗೇ ಓಡಿಸೋ ಟಿಕ್ಕೂ ಇದೆ. ಕಂಪ್ಯೂಟರಲ್ಲಿ ಅದು ಓಪನ್ ಇದ್ದಾಗ ಮಾತ್ರ ಓಡೋದು, ಇದೊಂದೇ ಕೊರತೆ.

ಫೋನ್ ಬಗ್ಗೆ ಒಂದು ಎಚ್ಚರಿಕೆ. ಜಿಮೇಲ್ ಆ್ಯಪಲ್ಲಿ ಸ್ಕ್ರೋಲ್ ಮಾಡೋವಾಗ ಬೆರಳು ಪಕ್ಕಕ್ಕೆ ಜಾರಿದ್ರೆ ಮೇಲ್ ಆರ್ಕೈವ್ ಆಗ್ಬಿಡತ್ತೆ, ಓದದೇನೇ. ನೋಟಿಫಿಕೇಷನಲ್ಲೂ ಆರ್ಕೈವ್ ಬಟನ್ ಇರತ್ತೆ. ಸೆಟ್ಟಿಂಗ್ಸ್‌ನಲ್ಲಿ ಸ್ವೈಪ್‌ಗೆ ಬೇರೆ ಕೆಲಸ ಕೊಡ್ಬೋದು, ನಿಮ್ಮಿಬ್ರ ಫೋನಲ್ಲೂ ಅದನ್ನ 'ಸ್ನೂಝ್' ಮಾಡಿ, ನಾಳೆ ಬೆಳಗ್ಗೆ ನೋಡ್ತೀನಿ ಅನ್ನೋ ಮೇಲ್ ನಾಳೆ ಬೆಳಗ್ಗೆ ಮತ್ತೆ ಮೇಲೆ ಬಂದು ಕೂರತ್ತೆ, ಬೆರಳು ಜಾರಿದ್ರೂ ಯಾವಾಗ ವಾಪಸ್ ಬರ್ಲಿ ಅಂತ ಕೇಳಿಯೇ ಹೋಗತ್ತೆ. ಓದಿ ಆದ್ಮೇಲೆ 'ಮಾರ್ಕ್ ಆ್ಯಸ್ ಅನ್‌ರೀಡ್' ಮಾಡಿಡೋ ಅಭ್ಯಾಸ ಇಬ್ಬರಲ್ಲಿ ಯಾರಿಗಾದ್ರೂ ಇದ್ರೆ ಬಿಡಿಸಿ, ಹೊಸದು ಯಾವುದು ಬಾಕಿ ಯಾವುದು ಅಂತ ಒಂದೇ ಥರ ಕಾಣತ್ತೆ, ಸ್ಕ್ರಿಪ್ಟೂ ಅದನ್ನ ಮುಟ್ಟದೇ ವರ್ಷಗಟ್ಟಲೆ ಬಿಟ್ಕೊಂಡಿರತ್ತೆ.

ಕೊನೇದಾಗಿ, ಸ್ಕ್ರಿಪ್ಟ್ ಯಾವತ್ತಾದ್ರೂ ಫೇಲ್ ಆದ್ರೆ ಗೂಗಲ್ ನಿಮಗೊಂದು ಮೇಲ್ ಕಳಿಸತ್ತೆ, ಯಾವ ಸ್ಕ್ರಿಪ್ಟ್ ಎಷ್ಟೊತ್ತಿಗೆ ಯಾಕೆ ನಿಂತೋಯ್ತು ಅಂತ. ಅನುಮತಿ ತೆಗೆದಾಗ ಇದು ಬರೋ ಸಾಧ್ಯತೆ ಜಾಸ್ತಿ. ಟ್ರಿಗ್ಗರ್ ಮಾಡೋವಾಗಲೇ ಈ ಮೇಲ್ ದಿನಕ್ಕೊಂದ್ಸಲ ಬರ್ಲಾ ತಕ್ಷಣ ಬರ್ಲಾ ಅಂತ ಕೇಳಿರತ್ತೆ, ತಕ್ಷಣ ಅಂತ ಕೊಡಿ, ಅಸಿಸ್ಟೆಂಟ್ ಅದನ್ನ ಜಾಹೀರಾತು ಅಂದ್ಕೊಂಡು ಫಿಲ್ಟರ್‌ಗೆ ಹಾಕದ ಹಾಗೆ ಮೊದಲೇ ಹೇಳಿಡಿ.